ವಾಸುದೇವಾಚಾರ್ಯರ ಎರಡು ನುಡಿ

ಮೈಸೂರಿನಿಂದ ಬೆಂಗಳೂರಿನ ಕಡೆಗೆ ಹೊರಟ ರೈಲು ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಎರಡು ಕವಲುಗಳನ್ನೂ ದಾಟಿ ಬಂದರೆ ಮುಂದೆ ಸಿಕ್ಕುವುದು ನಮ್ಮ ಪಾಂಡವಪುರದ ನಿಲ್ದಾಣ. ಹೈದರ್, ಟಿಪ್ಪುಗಳ ಕಾಲದಲ್ಲಿ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿದ್ದುದರಿಂದ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದು ಬಹುಕಾಲ ನಿಂತಿತ್ತು. ಸುತ್ತಿನ ಜನಕ್ಕೆ ಅದು ಹಿರೋಡೆ. ೧೮೮೨ರಲ್ಲಿ ಈ ಹಳಿ ಮೈಸೂರನ್ನು ಮುಟ್ಟಿತು. ಅಂದಿನಿಂದ ಮೈಸೂರಿನ ಸಂಗೀತ ವಿದ್ವಾಂಸರು ತಂಬೂರಿಗೆ ಗವಸು ತೊಡಿಸಿಕೊಂಡು ಬೆಂಗಳೂರು, ಮದರಾಸುಗಳ ಕಡೆಗೆ ಹೊರಟಾಗ ನಮ್ಮ ಸೀಮೆಯನ್ನು ಹಾದೇ ಹೋಗಿದ್ದಾರೆ. ಅವರಲ್ಲಿ ಇಳಿದು ನಿಂತವರು ಕಡಮೆ. ಆದರೂ ಆ ದಾರಿಯಲ್ಲಿ ಹೋಗಿ ಬಂದವರೊಬ್ಬರ ಕಥೆ ಸಂಗೀತಗಾರರಿಗೆ ಎಷ್ಟು ಬೇಕೋ ಕನ್ನಡದ ಮೇಷ್ಟರುಗಳಿಗೂ ಅಷ್ಟೇ ಬೇಕೆಂದು ನನಗೆ ತೋರಿದೆ. ಅವರು ಮೈಸೂರು ವಾಸುದೇವಾಚಾರ್ಯರು.

ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಎಂಬ ಕೀರ್ತನೆಯನ್ನು ಕೇಳದ ಸಂಗೀತಪ್ರಿಯರಿಲ್ಲ. ಕಛೇರಿಗಳಿಗೆ ಹೋಗದವರೂ ೧೯೮೦ರ ‘ಶಂಕರಾಭರಣಂ’ ಚಲನಚಿತ್ರದಿಂದ ಅದನ್ನು ಬಲ್ಲರು. ಅದು ತ್ಯಾಗರಾಜರದೆಂದೇ ಹಲವರು ನಂಬಿದ್ದಾರೆ. ಅಲ್ಲ, ಮೈಸೂರಿನ ವಾಸುದೇವಾಚಾರ್ಯರದು ಎಂದು ತರಗತಿಯಲ್ಲಿ ಹೇಳಿದರೆ ಹುಡುಗರ ಮುಖ ಅರಳುತ್ತದೆ. ಮರುಕ್ಷಣವೇ ಅವರಲ್ಲೊಬ್ಬರು ಕೇಳುತ್ತಾರೆ: ‘ನಮ್ಮವರೇ ಆದರೆ ತೆಲುಗಿನಲ್ಲಿ ಯಾಕೆ ಸಾರ್ ಬರೆದರು?’

ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವುದು ಸುಲಭ. ‘ಸಂಗೀತಕ್ಕೆ ಭಾಷೆ ಇಲ್ಲ’ ಎಂಬ ಮಾತು ಬಾಯಲ್ಲಿ ಸಿದ್ಧವಾಗಿಯೇ ಇರುತ್ತದೆ. ಆದರೆ ಆ ಮಾತು ನಿಜವಲ್ಲ. ಕೀರ್ತನೆಗೆ ಧಾತು ಎಷ್ಟು ಮುಖ್ಯವೋ ಮಾತೂ ಅಷ್ಟೇ ಮುಖ್ಯವೆಂದು ನಮ್ಮ ಲಕ್ಷಣಕಾರರು ಹೇಳಿದ್ದಾರೆ. ಎರಡನ್ನೂ ತಾನೇ ಕಟ್ಟಿದವನು ಮಾತ್ರ ವಾಗ್ಗೇಯಕಾರ. ಅಂದಮೇಲೆ ಹುಡುಗರ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಆಚಾರ್ಯರ ಜೀವನದಲ್ಲಿ, ಅವರು ನಡೆದ ದಾರಿಯಲ್ಲಿ.

ಅವರು ಹುಟ್ಟಿದ್ದು ೧೮೬೫ನೆಯ ಮೇ ೨೮ರಂದು, ಮೈಸೂರಿನಲ್ಲಿ. ತಂದೆ ಸುಬ್ರಹ್ಮಣ್ಯಾಚಾರ್ಯರು ತೀರಿಕೊಂಡಾಗ ಮಗು ಇನ್ನೂ ಹಾಲುಗಲ್ಲದ ಕೂಸು. ತಾಯಿಯ ತಂದೆ ಗೋಪಾಲಾಚಾರ್ಯರ ಆಸರೆಯಲ್ಲಿ ಬೆಳೆಯಿತು. ಮನೆತನ ಮಾಧ್ವರದು, ವಿದ್ಯೆ ಶಾಸ್ತ್ರದ್ದು. ಮಹಾರಾಜರ ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಅಲಂಕಾರಗಳನ್ನು ಓದಿ ಪಂಡಿತನಾಗಬೇಕಾದ ಹುಡುಗ.

ಆದರೆ ಆ ಹುಡುಗ ಬೆಳೆದ ಮೈಸೂರು ಎಂಥ ಊರು! ೧೮೮೧ರ ಮಾರ್ಚಿಯಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಒಪ್ಪಿಸಿದರು. ಕ್ಷಾಮದ ಕರಿನೆರಳಿನಿಂದ ಆಗತಾನೇ ಹೊರಬಂದಿದ್ದ ನಾಡಿಗೆ ಯುವಕ ದೊರೆ, ಸ್ವತಃ ಪಿಟೀಲು ನುಡಿಸುತ್ತಿದ್ದ ದೊರೆ. ಅರಮನೆಯಲ್ಲಿ ನಾಟಕದ ಸಭೆ ಏರ್ಪಟ್ಟಿತು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ವೀಣೆ ಶೇಷಣ್ಣನವರೂ ವೀಣೆ ಸುಬ್ಬಣ್ಣನವರೂ ವಯಸ್ಸಿನಲ್ಲಿ ಏರುತ್ತಿದ್ದ ಕಾಲ. ಅವರಿಗೆ ಪಾಠ ಹೇಳಿದ್ದ ಮೈಸೂರು ಸದಾಶಿವರಾಯರು ತ್ಯಾಗರಾಜರ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರ ಶಿಷ್ಯರು. ಬೀದಿಗೊಂದು ವೀಣೆ, ಹಬ್ಬಕ್ಕೊಂದು ಕಛೇರಿ. ಇಂಥ ಊರಿನಲ್ಲಿ ಕಿವಿಯುಳ್ಳ ಹುಡುಗನನ್ನು ತರ್ಕ, ವ್ಯಾಕರಣಗಳು ಎಷ್ಟು ದಿನ ಹಿಡಿದಿಟ್ಟಾವು? ಸಂಸ್ಕೃತವನ್ನು ಬಿಡದೆಯೇ ಆತ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತಪಾಠಕ್ಕೆ ಸೇರಿದ. ಈ ಎರಡು ಪಾಠಗಳಲ್ಲಿ ಯಾವುದೂ ವ್ಯರ್ಥವಾಗಲಿಲ್ಲವೆಂಬುದನ್ನು ಅವರ ಮುಂದಿನ ಬಾಳು ತೋರಿಸಿಕೊಟ್ಟಿತು.

ಹುಡುಗನ ಪ್ರತಿಭೆ ದೊರೆಯ ಕಿವಿಗೆ ಬಿತ್ತು. ಚಾಮರಾಜೇಂದ್ರ ಒಡೆಯರು ಅರಮನೆಯ ವೇತನ ಗೊತ್ತುಮಾಡಿ ಅವರನ್ನು ತಿರುವಯ್ಯಾರಿಗೆ, ಪಟ್ಟಣಂ ಸುಬ್ರಹ್ಮಣ್ಯ ಅಯ್ಯರ ಬಳಿಗೆ ಕಳುಹಿಸಿದರು. ಬೇಗಡೆ ರಾಗದ ಮೇಲಿನ ಪ್ರಭುತ್ವದಿಂದ ‘ಬೇಗಡೆ ಸುಬ್ರಹ್ಮಣ್ಯ ಅಯ್ಯರ್’ ಎಂದೇ ಹೆಸರಾಗಿದ್ದ ಆ ಮಹಾವಿದ್ವಾಂಸರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯನವರು; ಅವರು ತ್ಯಾಗರಾಜರ ನೇರ ಶಿಷ್ಯರು. ಹೀಗೆ ಮೈಸೂರಿನ ತರುಣ ತ್ಯಾಗರಾಜರಿಂದ ಮೂರೇ ಮೆಟ್ಟಿಲು ಕೆಳಗೆ, ತ್ಯಾಗರಾಜರು ಬಾಳಿ ಹಾಡಿದ ಊರಿನಲ್ಲೇ ಹೋಗಿ ಕುಳಿತಂತಾಯಿತು.

ಭೂಪಟವನ್ನು ಬಿಡಿಸಿ ನೋಡಿದರೆ ಇದರ ಸೊಗಸು ಕಾಣುತ್ತದೆ. ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಹೋಗುವ ನೀರೇ ತಿರುವಯ್ಯಾರಿನ ಮೆಟ್ಟಿಲುಗಳನ್ನು ತೊಳೆಯುವುದು. ನಮ್ಮಿಂದ ನೀರು ಕೆಳಕ್ಕೆ ಹರಿಯಿತು. ಅಲ್ಲಿಂದ ಹಾಡು ಹೊಳೆಗೆ ಎದುರಾಗಿ ಮೇಲಕ್ಕೆ ಬಂತು. ಆದರೆ ಆ ಹಾಡಿನ ಮಾತು ಮಾತ್ರ ಕಾವೇರಿಯ ಈ ತುದಿಯದೂ ಅಲ್ಲ, ಆ ತುದಿಯದೂ ಅಲ್ಲ. ತಮಿಳು ನೆಲದ ನಡುವೆ ಕುಳಿತು ತ್ಯಾಗರಾಜರು ಹಾಡಿದ್ದು ತೆಲುಗಿನಲ್ಲಿ. ವಿಜಯನಗರದ ಮೇಲೆ, ಅನಂತರ ತಂಜಾವೂರಿನ ನಾಯಕರ ಕಾಲದಲ್ಲಿ ತೆಲುಗು ದಕ್ಷಿಣದ ಸಂಗೀತಕ್ಕೆ ಆಸ್ಥಾನದ ಭಾಷೆಯಾಗಿ ಬಿಟ್ಟಿತ್ತು. ಮರಾಠಿ ದೊರೆಗಳು ಬಂದರೂ ಅದು ಕದಲಲಿಲ್ಲ.

ಗುರುಕುಲವಾಸವೆಂದರೆ ಇಂದಿನ ಶಾಲೆಯಲ್ಲ. ಗಂಟೆಗೊಂದು ಪಾಠವಿಲ್ಲ, ಪಠ್ಯಕ್ರಮವಿಲ್ಲ. ಗುರುವಿನ ಮನೆಯ ಕೆಲಸ ಮಾಡುತ್ತ, ಗುರು ಸಾಧನೆಗೆ ಕುಳಿತಾಗ ದೂರದಲ್ಲಿ ಕಿವಿಯಾಗಿ ಕುಳಿತು, ಗುರುವಿನ ಮನಸ್ಸು ತೆರೆಯುವವರೆಗೆ ಕಾಯುವುದು. ಮೈಸೂರಿನ ಶಿಷ್ಯ ಕಾದ. ಕೆಲವು ವರ್ಷಗಳ ಮೇಲೆ ಊರಿಗೆ ಹಿಂದಿರುಗಿ ಬಂದಾಗ ಆತ ಆಸ್ಥಾನ ವಿದ್ವಾಂಸನಾಗಲು ತಕ್ಕವನಾಗಿದ್ದ. ಜೊತೆಗೆ ಇನ್ನೊಂದನ್ನು ಗುರುವಿನಿಂದ ತಂದಿದ್ದ: ಹಾಡುವವನು ಕಟ್ಟಬಲ್ಲವನೂ ಆಗಬೇಕೆಂಬ ಹಂಬಲ. ಪಟ್ಟಣಂ ಅವರು ಸ್ವತಃ ದೊಡ್ಡ ರಚನಕಾರರು. ಅವರ ಇನ್ನೊಬ್ಬ ಶಿಷ್ಯರಾದ ‘ಪೂಚಿ’ ಶ್ರೀನಿವಾಸ ಅಯ್ಯಂಗಾರರೂ ಅದೇ ಹಾದಿ ಹಿಡಿದವರು.

ಇಲ್ಲಿ ನಮ್ಮ ಹುಡುಗರ ಪ್ರಶ್ನೆ ಬಂದು ಎದುರು ನಿಲ್ಲುತ್ತದೆ. ಆಚಾರ್ಯರ ಕೃತಿಗಳು ಇನ್ನೂರರಷ್ಟು. ‘ವಾಸುದೇವ’ ಅಂಕಿತದ ಆ ರಚನೆಗಳಲ್ಲಿ ಬಹುಪಾಲು ತೆಲುಗು ಮತ್ತು ಸಂಸ್ಕೃತ. ಸಂಸ್ಕೃತವೇನೋ ಸರಿ, ಅದು ಅವರು ಕಲಿತ ವಿದ್ಯೆ. ಆದರೆ ಪುರಂದರದಾಸರ, ಕನಕದಾಸರ ಪದಗಳು ದಿನಬೆಳಗಾದರೆ ಕೇಳುವ ಸಂಪ್ರದಾಯದ ಮನೆಯವರು ದೇವರನ್ನು ಕನ್ನಡದಲ್ಲಿ ಕರೆಯಲು ಏಕೆ ಹಿಂಜರಿದರು?

ತೆಲುಗಿನ ಪದಗಳು ಸ್ವರದಲ್ಲಿ ಕೊನೆಗೊಳ್ಳುತ್ತವೆ, ಆದ್ದರಿಂದ ಹಾಡಲು ಹಿತ ಎಂಬ ವಾದವಿದೆ. ಇದು ತಮಿಳಿನ ಎದುರಿಗೆ ನಿಂತೀತು; ಕನ್ನಡದ ಎದುರಿಗೆ ನಿಲ್ಲದು. ನಡುಗನ್ನಡದಿಂದ ಈಚೆಗೆ ನಮ್ಮ ಪದಗಳೂ ಸ್ವರಾಂತವೇ. ಹಾಡಲು ಕನ್ನಡ ಒದಗದೆನ್ನುವುದಾದರೆ ಕರ್ಣಾಟಕ ಸಂಗೀತದ ಪಿತಾಮಹರೆನಿಸಿದ ಪುರಂದರದಾಸರನ್ನು ಎಲ್ಲಿಡೋಣ? ಅಷ್ಟು ದೂರವೇಕೆ, ನಮ್ಮ ಶ್ರೀರಂಗಪಟ್ಟಣದ ಆಸ್ಥಾನದಲ್ಲೇ ಹದಿನೇಳನೆಯ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿ ‘ಗೀತಗೋಪಾಲ’ ಹುಟ್ಟಿತು. ದೊರೆ ಬರೆದನೋ, ತಿರುಮಲಾರ್ಯ ಬರೆದನೋ ಎಂಬ ಚರ್ಚೆ ಹೇಗಾದರೂ ಇರಲಿ. ಅದು ರಾಗತಾಳಗಳೊಡನೆ ಹಾಡಲೆಂದೇ ಕಟ್ಟಿದ ಕನ್ನಡ ಕೃತಿ. ಅರಮನೆಯ ಹಾಡು ಆಗ ಕನ್ನಡದಲ್ಲಿತ್ತು. ಇನ್ನೂರು ವರ್ಷಗಳಲ್ಲಿ ಅದೇ ಮನೆತನದ ಆಸ್ಥಾನದ ಹಾಡು ತೆಲುಗಾಯಿತು. ಕನ್ನಡದಲ್ಲಿ ಏನೋ ಕುಂದು ಬಂದಿತೆಂದಲ್ಲ. ನಡುವೆ ತಿರುವಯ್ಯಾರಿನಲ್ಲಿ ಒಂದು ಮಹಾಪೂರ ಬಂದು ಹೋಗಿತ್ತು. ತ್ಯಾಗರಾಜರ ಶಿಷ್ಯರು, ಪ್ರಶಿಷ್ಯರು ಹೋದಲ್ಲೆಲ್ಲ ಆ ನುಡಿ ಹೋಯಿತು. ಮೈಸೂರಿಗೆ ಸದಾಶಿವರಾಯರೊಡನೆ ಬಂತು, ವಾಸುದೇವಾಚಾರ್ಯರೊಡನೆ ನೆಲೆಯಾಯಿತು.

ಎರಡನೆಯ ಕಾರಣ ಹೊಟ್ಟೆಪಾಡಿನದು, ಮತ್ತು ನನಗೆ ಇದೇ ಹೆಚ್ಚು ಮುಖ್ಯವೆಂದು ತೋರುತ್ತದೆ. ರೈಲು ಬಂದ ಮೇಲೆ ಸಂಗೀತಗಾರನ ಬದುಕು ಬದಲಾಯಿತು. ಅದಕ್ಕೆ ಮುಂಚೆ ವಿದ್ವಾಂಸನೆಂದರೆ ಒಬ್ಬ ದೊರೆಯ ಆಶ್ರಿತ. ದಸರೆಯಲ್ಲಿ ಹಾಡುವುದು, ಶಾಲು ಸಂಭಾವನೆ ಪಡೆಯುವುದು, ಸಂಬಳಕ್ಕೆ ಕಾಯುವುದು. ರೈಲು ಬಂದ ಮೇಲೆ ಒಂದು ಆಸ್ಥಾನದ ವಿದ್ವಾಂಸ ಹತ್ತು ಊರಿನಲ್ಲಿ ಹಾಡಬಹುದಾಯಿತು. ಮದರಾಸು ಮುಂತಾದ ಪಟ್ಟಣಗಳಲ್ಲಿ ಸಭೆಗಳು ಎದ್ದವು. ಟಿಕೆಟ್ಟು ಕೊಂಡು ಬರುವ ಕೇಳುಗ ಹುಟ್ಟಿದ. ಹೀಗೆ ಊರೂರು ತಿರುಗುವವನ ಜೋಳಿಗೆಯಲ್ಲಿ ಎಲ್ಲ ಊರಿನಲ್ಲೂ ಚಲಾವಣೆಯಾಗುವ ನಾಣ್ಯವಿರಬೇಕು. ಕುಂಭಕೋಣದ ಪಿಟೀಲುಗಾರ, ವಿಜಯನಗರದ ಜಮೀನ್ದಾರ, ಮೈಸೂರಿನ ದೊರೆ, ಮದರಾಸಿನ ವಕೀಲ, ಇವರೆಲ್ಲ ಒಪ್ಪುವ ನಾಣ್ಯ ಆ ಹೊತ್ತಿಗೆ ತೆಲುಗಿನ ಕೃತಿಯೊಂದೇ. ತಮಿಳರೂ ಈ ಇಕ್ಕಟ್ಟಿನಲ್ಲೇ ಇದ್ದರು. ತಮ್ಮ ನೆಲದ ವೇದಿಕೆಯ ಮೇಲೆ ತಮ್ಮ ನುಡಿಗೆ ಎಡೆಯಿಲ್ಲವೆಂದು ಅವರು ೧೯೪೦ರ ದಶಕದಲ್ಲಿ ತಮಿಳ್ ಇಸೈ ಚಳವಳಿಯನ್ನೇ ಹೂಡಬೇಕಾಯಿತು.

ಆಚಾರ್ಯರ ಸಂಚಾರ ದಕ್ಷಿಣಕ್ಕೆ ನಿಲ್ಲಲಿಲ್ಲ. ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದ ವಿಷ್ಣು ದಿಗಂಬರ ಪಲುಸ್ಕರರು ಅವರ ಗಾನವನ್ನು ಮೆಚ್ಚಿದವರು. ಅವರ ಸ್ನೇಹದಿಂದ ಪಂಜಾಬಿನ ಜಲಂಧರದಲ್ಲಿ ನಡೆಯುವ ಹರಿವಲ್ಲಭ ಸಂಗೀತ ಮೇಳದವರೆಗೂ ಆಚಾರ್ಯರು ಹೋಗಿ ಹಾಡಿ ಬಂದರು. ನಮ್ಮ ಕಾಲದಲ್ಲಿ ವಿಮಾನವೇರಿ ಸಾಗರದಾಚೆಗೆ ಹೋಗುವ ವಿದ್ವಾಂಸರನ್ನು ಕಂಡು ಬೆರಗಾಗುವವರು, ಭಾಷೆ ತಿಳಿಯದ, ಊಟ ಒಗ್ಗದ, ರಾಗದ ಹೆಸರೇ ಬೇರೆಯಾದ ನಾಡಿಗೆ ಮಡಿಯ ಬ್ರಾಹ್ಮಣರೊಬ್ಬರು ದಿನಗಟ್ಟಲೆ ರೈಲಿನಲ್ಲಿ ಕುಳಿತು ಹೋದುದನ್ನೂ ಒಮ್ಮೆ ನೆನೆಯಬೇಕು.

ಆ ಸಂಚಾರದ ಒಂದು ಪ್ರಸಂಗ ಸಂಗೀತಗಾರರ ನಡುವೆ ಬಾಯಿಂದ ಬಾಯಿಗೆ ಬಂದಿದೆ. ಉತ್ತರದ ಪ್ರಯಾಣದಲ್ಲಿ, ಪಡೆದ ಬಹುಮಾನಗಳನ್ನೆಲ್ಲ ಇಟ್ಟಿದ್ದ ಪೆಟ್ಟಿಗೆ ಕಳುವಾಯಿತಂತೆ. ಬೆಲೆಬಾಳುವ ವಸ್ತು ಹೋಯಿತು, ಪರದೇಶ, ಕೈ ಬರಿದು. ಆಗ ಅವರ ಬಾಯಿಂದ ಬಂದದ್ದು ಪೂರ್ವಿಕಲ್ಯಾಣಿಯ ‘ಮರಚಿತಿವೇಮೋ’ ಎಂಬ ಕೃತಿ ಎನ್ನುತ್ತಾರೆ. ನನ್ನನ್ನು ಮರೆತೇಬಿಟ್ಟೆಯಾ ಎಂದು ದೇವರನ್ನು ಕೇಳುವ ಕೃತಿ ಅದು. ಕಳ್ಳನನ್ನು ಬೈಯಲಿಲ್ಲ, ರೈಲಿನವರನ್ನು ದೂರಲಿಲ್ಲ. ಈ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿಯುವುದು ಇನ್ನೊಂದು ಅಂಶ. ಅಂಥ ಗಳಿಗೆಯಲ್ಲೂ ಹಾಡಾಗಿ ಬಂದದ್ದು ತೆಲುಗು. ಅಂದರೆ ತೆಲುಗು ಅವರಿಗೆ ಬರಿಯ ವ್ಯವಹಾರದ ನಾಣ್ಯವಾಗಿ ಉಳಿದಿರಲಿಲ್ಲ. ಗುರುವಿನ ಮನೆಯಲ್ಲಿ ಹಾಡಿ ಹಾಡಿ ಅದು ಅವರ ಪ್ರಾರ್ಥನೆಯ ನುಡಿಯೇ ಆಗಿಬಿಟ್ಟಿತ್ತು. ಮನೆಮಾತು ಬೇರೆ, ಹಾಡುಮಾತು ಬೇರೆ ಎಂಬ ಸ್ಥಿತಿ ನಮಗೆ ವಿಚಿತ್ರವಾಗಿ ಕಂಡೀತು. ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು, ಪೂಜೆಗೆ ಒಂದು ನುಡಿ ಇಟ್ಟುಕೊಂಡು ಬಾಳಿದ ನಮ್ಮ ಹಿರಿಯರಿಗೆ ಇದರಲ್ಲಿ ವಿಚಿತ್ರವೇನೂ ಇರಲಿಲ್ಲ.

ನುಡಿಯ ಈ ಅದಲುಬದಲು ಒಂದೇ ಕಡೆಯಿಂದ ನಡೆಯಲಿಲ್ಲವೆಂಬುದನ್ನೂ ಹೇಳಬೇಕು. ತಮಿಳುನಾಡಿನ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು ಚಾಮುಂಡೇಶ್ವರಿಯ ಅಷ್ಟೋತ್ತರ ಶತನಾಮಗಳಿಗೆ ೧೦೮ ಕೃತಿಗಳನ್ನು ಕಟ್ಟಿದ್ದು ಕನ್ನಡದಲ್ಲಿ. ಆಚಾರ್ಯರ ಸಮಕಾಲೀನರಾದ ಬಿಡಾರಂ ಕೃಷ್ಣಪ್ಪನವರು ದೇವರನಾಮಗಳಿಗೆ ಕಛೇರಿಯಲ್ಲಿ ಗೌರವದ ಸ್ಥಾನ ಕೊಟ್ಟು ಹಾಡಿದರು. ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ೧೯೦೫ರಲ್ಲಿ ಹುಟ್ಟಿದ ಪು.ತಿ.ನ. ಅವರ ಮನೆಮಾತು ತಮಿಳು. ದೇವಾಲಯದ ಸೇವೆ, ಉತ್ಸವಗಳ ನಾದದಲ್ಲಿ ಬೆಳೆದ ಆ ಬಾಲಕ ಮುಂದೆ ‘ಗೋಕುಲ ನಿರ್ಗಮನ’ದಂಥ ಗೇಯನಾಟಕಗಳನ್ನು ಕನ್ನಡಕ್ಕೆ ಕೊಟ್ಟರು, ಹಾಡಿಗೆ ಹೊಸ ರಾಗಗಳನ್ನೇ ಹುಡುಕಿದರು. ತಮಿಳು ಮನೆಯವರು ಕನ್ನಡದಲ್ಲಿ ಹಾಡಿದರು, ಕನ್ನಡ ನಾಡಿನವರು ತೆಲುಗಿನಲ್ಲಿ ಹಾಡಿದರು. ಲೆಕ್ಕ ಹಾಕಲು ಕುಳಿತರೆ ಯಾರು ಯಾರಿಗೆ ಸಾಲಗಾರರೆಂದು ಹೇಳುವುದು ಕಷ್ಟ.

ಕೃಷ್ಣರಾಜ ಒಡೆಯರ ಕಾಲ ಮೈಸೂರಿನ ಸಂಗೀತಕ್ಕೆ ಸುಗ್ಗಿ. ಆಗ್ರಾ ಘರಾಣೆಯ ಫಯಾಜ್ ಖಾನರೂ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರೂ ಅರಮನೆಯಲ್ಲಿ ಹಾಡಿ ಗೌರವ ಪಡೆದರು. ಆಚಾರ್ಯರ ಖಮಾಚಿನಲ್ಲಿ ಉತ್ತರದ ಗಾಳಿ ಸ್ವಲ್ಪ ಬೀಸಿದಂತೆ ಕೇಳಿದರೆ ಅದಕ್ಕೆ ಇಂಥ ಸಹವಾಸವೂ ಅವರ ಪ್ರವಾಸವೂ ಕಾರಣವಾಗಿರಬೇಕು. ೧೯೩೫ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ತನ್ನ ಸಮ್ಮೇಳನದ ಅಧ್ಯಕ್ಷಪದವಿಗೆ ಅವರನ್ನು ಕರೆಯಿತು. ೧೯೪೦ರಲ್ಲಿ ಕೃಷ್ಣರಾಜರು ತೀರಿಕೊಂಡು ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಸ್ವತಃ ವಾಗ್ಗೇಯಕಾರರಾದ ಈ ದೊರೆಯ ರಚನೆಗಳ ಹಿನ್ನೆಲೆಯಲ್ಲೂ ಆಚಾರ್ಯರ ಮಾರ್ಗದರ್ಶನವಿತ್ತು. ಅಜ್ಜನ ಕಾಲದಲ್ಲಿ ಶಿಷ್ಯವೇತನ ಪಡೆದವರು ಮೊಮ್ಮಗನಿಗೆ ಗುರುಸ್ಥಾನದಲ್ಲಿ ನಿಂತರು.

೧೯೪೭ರ ಮೇಲೆ ಸಂಸ್ಥಾನಗಳು ಹೋದವು. ಅವುಗಳ ಜೊತೆಗೆ ಆಸ್ಥಾನದ ಸಂಗೀತವೂ ಸೊರಗಿತು. ಎಂಬತ್ತು ದಾಟಿದ ವಿದ್ವಾಂಸರಿಗೆ ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ರುಕ್ಮಿಣೀದೇವಿಯವರು ಅವರನ್ನು ಮದರಾಸಿನ ಅಡ್ಯಾರಿನಲ್ಲಿದ್ದ ಕಲಾಕ್ಷೇತ್ರಕ್ಕೆ ಬರಮಾಡಿಕೊಂಡರು. ತೊಂಬತ್ತರ ಅಂಚಿನಲ್ಲಿ ಅವರು ಕೈಹಿಡಿದ ಕೆಲಸ ವಾಲ್ಮೀಕಿ ರಾಮಾಯಣದ ನೃತ್ಯರೂಪಕಗಳಿಗೆ ಸಂಗೀತ ಕಟ್ಟುವುದು. ೧೯೫೫ರಲ್ಲಿ ‘ಸೀತಾಸ್ವಯಂವರ’ ರಂಗಕ್ಕೆ ಬಂತು. ಮೈಸೂರಿನ ಪಾಠಶಾಲೆಯಲ್ಲಿ ಬಾಲ್ಯದಲ್ಲಿ ಓದಿದ ಕಾವ್ಯ, ಅಲಂಕಾರಗಳು ಇಲ್ಲಿ ಬಡ್ಡಿ ಸಹಿತ ಕೈಗೆ ಬಂದವು: ಯಾವ ಶ್ಲೋಕಕ್ಕೆ ಯಾವ ರಾಗ, ಯಾವ ರಸಕ್ಕೆ ಯಾವ ನಡೆ ಎಂಬುದನ್ನು ಅರ್ಥ ತಿಳಿದು ನಿರ್ಣಯಿಸಬಲ್ಲ ಸಂಗೀತಗಾರರು ಎಷ್ಟು ಜನ ಸಿಕ್ಕಾರು? ೧೯೫೯ರಲ್ಲಿ ಭಾರತ ಸರ್ಕಾರ ಪದ್ಮಭೂಷಣವನ್ನಿತ್ತಿತು. ೧೯೬೧ನೆಯ ಮೇ ೧೭ರಂದು, ತೊಂಬತ್ತಾರಕ್ಕೆ ಕೆಲವೇ ದಿನ ಉಳಿದಿರುವಾಗ ಅವರು ಕಣ್ಣುಮುಚ್ಚಿದರು. ಉಳಿದ ರಾಮಾಯಣವನ್ನು ಮೊಮ್ಮಗ ರಾಜಾರಾಂ ಅವರು ಮುಂದುವರಿಸಿ ಪೂರೈಸಿದರು.

ಈ ಇಳಿವಯಸ್ಸಿನಲ್ಲೇ ನಡೆದ ಇನ್ನೊಂದು ಕೆಲಸಕ್ಕಾಗಿ ನಾನು ಈ ಲೇಖನವನ್ನು ಬರೆಯಹೊರಟದ್ದು. ಬಾಳಿನ ಉದ್ದಕ್ಕೂ ತೆಲುಗು, ಸಂಸ್ಕೃತಗಳಲ್ಲಿ ಹಾಡಿದ ಆಚಾರ್ಯರು, ಕಂಡದ್ದನ್ನು ಹೇಳಬೇಕೆನಿಸಿದಾಗ ಬಂದು ಕುಳಿತದ್ದು ಕನ್ನಡದ ಜಗಲಿಯ ಮೇಲೆ. ‘ನಾ ಕಂಡ ಕಲಾವಿದರು’, ‘ನೆನಪುಗಳು’ ಎಂಬ ಎರಡು ಪುಸ್ತಕಗಳು ನಮಗೆ ದೊರೆತವು.

ಇವನ್ನು ಸಂಗೀತದ ಪುಸ್ತಕಗಳೆಂದು ಬೇರೆ ಕಪಾಟಿನಲ್ಲಿಟ್ಟು ನಾವು ಮರೆತಿದ್ದೇವೆ. ತೆಗೆದು ಓದಿದರೆ ತಿಳಿಯುತ್ತದೆ, ಇದು ನುರಿತ ಗದ್ಯ. ಪಾಂಡಿತ್ಯದ ಭಾರವಿಲ್ಲ. ಶೇಷಣ್ಣನವರು ವೀಣೆ ಹಿಡಿದು ಕುಳಿತ ಭಂಗಿ, ಸುಬ್ಬಣ್ಣನವರ ಔದಾರ್ಯ, ಗುರುಗಳ ಕಟ್ಟುನಿಟ್ಟು, ವಿದ್ವಾಂಸರ ಸಣ್ಣ ಮುನಿಸು, ದೊಡ್ಡ ಮನಸ್ಸು ಎಲ್ಲವೂ ಒಂದೊಂದಾಗಿ ಬಂದು ಎದುರು ನಿಲ್ಲುತ್ತವೆ. ಬರೆದವರು ತಾವೂ ಆಸ್ಥಾನದ ದೊಡ್ಡ ವಿದ್ವಾಂಸರೆಂಬುದು ನಮಗೆ ಮರೆತೇ ಹೋಗುತ್ತದೆ. ‘ನಾ ಕಂಡ’ ಎಂಬ ಹೆಸರಿಗೆ ತಕ್ಕಂತೆ ಅವರು ಕಣ್ಣು ಮಾತ್ರವಾಗಿ ಉಳಿಯುತ್ತಾರೆ. ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಮೆಚ್ಚುವವರು ಇವನ್ನೂ ಅದರ ಪಕ್ಕದಲ್ಲಿ ಇಟ್ಟು ಓದಬೇಕು. ಡಿ.ವಿ.ಜಿ. ಸಭೆಯಲ್ಲಿ ಕುಳಿತು ಕೇಳಿದವರು. ಆಚಾರ್ಯರು ವೇದಿಕೆಯ ಮೇಲೆ ಕುಳಿತು ನೋಡಿದವರು.

ಧ್ವನಿಮುದ್ರಣವಿಲ್ಲದ ಕಾಲದ ಹಾಡು ಹಾಡಿದ ಕ್ಷಣದಲ್ಲೇ ಕರಗಿಹೋಗುತ್ತಿತ್ತು. ಸುಬ್ಬಣ್ಣನವರ ವೈಣಿಕತ್ವ ಎಂಥದೆಂದು, ಪಟ್ಟಣಂ ಅವರ ಬೇಗಡೆ ಹೇಗಿತ್ತೆಂದು ಇಂದು ಯಾವ ಯಂತ್ರವೂ ನಮಗೆ ಕೇಳಿಸಲಾರದು. ಅದರ ನೆರಳಾದರೂ ಉಳಿದಿದ್ದರೆ ಈ ಕನ್ನಡ ಪುಟಗಳಲ್ಲಿ. ತಮಿಳುನಾಡಿನ ವಿದ್ವಾಂಸರ ಚರಿತ್ರೆಯನ್ನು ಬರೆಯುವವರೂ ಈ ಪುಟಗಳಿಗೆ ಬರಬೇಕಾಗಿದೆ. ನುಡಿಗೆ ಇದಕ್ಕಿಂತ ದೊಡ್ಡ ಸೇವೆ ಯಾವುದು?

ಆದ್ದರಿಂದ ನನ್ನ ಹುಡುಗರಿಗೆ ನಾನು ಹೇಳುವುದಿಷ್ಟು. ಆಚಾರ್ಯರು ಹಾಡಿದ್ದು ದಾರಿಯ ನುಡಿಯಲ್ಲಿ, ನೆನೆದದ್ದು ಮನೆಯ ನುಡಿಯಲ್ಲಿ. ದಾರಿಯ ನುಡಿ ಅವರನ್ನು ತಿರುವಯ್ಯಾರಿನಿಂದ ಜಲಂಧರದವರೆಗೆ ನಡೆಸಿತು. ಅದಕ್ಕಾಗಿ ತೆಲುಗಿಗೆ ನಾವು ಕೃತಜ್ಞರಾಗಿರಬೇಕೇ ಹೊರತು ಮುನಿಯಬೇಕಾಗಿಲ್ಲ. ಮನೆಯ ನುಡಿ ಆ ನಡೆಯನ್ನೆಲ್ಲ ಮರೆಯಾಗದಂತೆ ಕಾಪಾಡಿತು. ಅವರ ಕೀರ್ತನೆಗಳನ್ನು ಗಾಯಕರು ನೋಡಿಕೊಂಡಾರು, ಅವು ಸಾಯುವುದಿಲ್ಲ. ಗದ್ಯವನ್ನು ನೋಡಿಕೊಳ್ಳಬೇಕಾದವರು ನಾವು. ಕನ್ನಡ ಗದ್ಯದ ಚರಿತ್ರೆಯನ್ನು ಬರೆಯುವವರು ಆತ್ಮಕಥೆ, ವ್ಯಕ್ತಿಚಿತ್ರಗಳ ಅಧ್ಯಾಯಕ್ಕೆ ಬಂದಾಗ ವಾಸುದೇವಾಚಾರ್ಯರಿಗೆ ಒಂದು ಪುಟವನ್ನಾದರೂ ಮೀಸಲಿಡಲಿ. ಪಠ್ಯಪುಸ್ತಕ ಸಿದ್ಧಪಡಿಸುವವರು ‘ನಾ ಕಂಡ ಕಲಾವಿದರು’ ಗ್ರಂಥದಿಂದ ಒಂದು ಪಾಠವನ್ನಾದರೂ ಆರಿಸಲಿ. ಅದನ್ನು ಓದಿದ ಹುಡುಗರು ಆಮೇಲೆ ಖಮಾಚಿನ ಆ ಕೃತಿಯನ್ನು ಕೇಳಿದಾಗ, ತೆಲುಗಿನ ಮಾತಿನ ಹಿಂದೆ ಮೈಸೂರಿನ ಒಂದು ದನಿಯನ್ನು ಗುರುತಿಸಿಯಾರು.